ಹಿಮಗಾಲುವೆಯ ಮುಚ್ಚಳ

ಫೆಬ್ರವರಿ ೧೪, ಶುಕ್ರವಾರ

ಸುಮಿರೆ,

ಹಿಮ ಎಷ್ಟು ಬಿತ್ತು, ಚಳಿ ಹೇಗಿದೆ ಎಂದು ವಿಚಾರಿಸಿ ಪತ್ರ ಆರಂಭಿಸುವುದು ಮರ್ಯಾದೆ. ಈ ಸಲ ಅದನ್ನು ಬಿಟ್ಟಿದ್ದೇನೆ. ನೀನು ಫೋನ್ ಎತ್ತದೆ ಎರಡು ವಾರದ ಮೇಲಾಯಿತು. ಮರ್ಯಾದೆಯನ್ನು ಮೊದಲು ಮುರಿದವಳು ನೀನು.

ಹೆದರಿ ಬರೆಯುತ್ತಿದ್ದೇನೆ ಎಂದುಕೊಳ್ಳಬೇಡ. ಓನುಮಾ ವಸತಿಗೃಹದ ಒಡತಿ ಹೆದರಿದ್ದನ್ನು ಊರಲ್ಲಿ ಯಾರೂ ಕಂಡಿಲ್ಲ. ಕೆಲವು ವಿಷಯ ತಿಳಿಸಬೇಕಿದೆ, ಅಷ್ಟೆ.

ಮೊದಲನೆಯದು, ನೀನು ಬರೆಯುವ ಮಾಂಗಾ ಚಿತ್ರಕಥೆಯಿಂದ ಊರಿಗೆ ಆಗುತ್ತಿರುವ ತೊಂದರೆ. ಸಂಜೆ ಮಕ್ಕಳನ್ನು ಮನೆಗೆ ಕರೆಯಲು ಊರಿನ ಧ್ವನಿವರ್ಧಕದಲ್ಲಿ ಹಾಡು ಬರುತ್ತದಲ್ಲ, ಆ ಹಾಡಿಗೆ ನಿನ್ನ ಕಥೆಯ ಮಿನೆ ಕಣ್ಣು ಮುಚ್ಚಿ ತೆರೆದರೆ ತನ್ನ ತಮ್ಮ ಸತ್ತ ಚಳಿಗಾಲಕ್ಕೆ ಹೋಗಿರುತ್ತಾಳೆ. ಈಗ ಹಾಡು ಶುರುವಾದರೆ ಸಾಕು, ಪ್ರವಾಸಿಗಳು ಬೀದಿ ನಡುವೆ ಕಣ್ಣು ಮುಚ್ಚಿ ನಿಂತುಬಿಡುತ್ತಾರೆ. ಮೀನಿನ ವ್ಯಾನಿನವನು ಹಾರ್ನ್ ಹೊಡೆದು ಸುಸ್ತಾಗಿ, "ಹಿಂದಿನ ಕಾಲಕ್ಕೆ ಹೋಗೋರು ಪಕ್ಕಕ್ಕೆ ನಿಂತು ಹೋಗ್ರಪ್ಪಾ, ನಾನು ಇವತ್ತೇ ಮುಂದಕ್ಕೆ ಹೋಗ್ಬೇಕು!" ಎಂದು ಕೂಗುತ್ತಾನೆ.

ಎರಡನೆಯದು, ಅಪರಾಧಿಯ ವಿಷಯ. ಮನೆ ಮುಂದಿನ ಹಿಮವನ್ನು ತಳ್ಳಿ ನೀರಲ್ಲಿ ಹರಿಯಬಿಡುವ ಕಾಲುವೆಗೆ ಆ ತಮ್ಮ ಬಿದ್ದ ದಿನ, ಅದರ ಮುಚ್ಚಳವನ್ನು ತೆರೆದೇ ಬಿಟ್ಟು ಹೋದವರು ಯಾರು? ಮಿನೆ ಪ್ರತಿ ಸಲ ಹಿಂದಕ್ಕೆ ಹೋಗಿ ಹುಡುಕುವುದು ಇದನ್ನೇ. ನೀನು ಉತ್ತರ ಕೊಡದೆ ವರ್ಷಗಟ್ಟಲೆ ಎಳೆದಿದ್ದರಿಂದ ಉಳಿದವರೆಲ್ಲ ತಮತಮಗೆ ಬೇಕಾದವರನ್ನು ಹಿಡಿದಿದ್ದಾರೆ. ನಿನ್ನ ಕಥೆಯಿಂದ ಮಾಡಿದ ಕಾರ್ಟೂನಿನಲ್ಲಿ ಅಂಚೆಯವನು. ಟಿವಿ ಧಾರಾವಾಹಿಯಲ್ಲಿ ಮದ್ಯದಂಗಡಿಯವನು. ನಮ್ಮ ಎದುರಿನ ಮದ್ಯದಂಗಡಿಯ ಸೊಗಾ ಮುದುಕನಿಗೆ ಅದೊಂದು ಹಬ್ಬವಾಗಿದೆ. "ಏನಯ್ಯಾ ಕೊಲೆಗಾರ, ಒಂದು ಶೀಶೆ ಕೊಡು" ಎಂದು ಗೆಳೆಯರು ಕೇಳಿದರೆ, "ಹಳೇ ಬಾಕಿ ಮೊದಲು ತೀರ್ಸು. ನನ್ನ ಕೈಗುಣ ಟಿವೀಲಿ ನೋಡಿದೀಯಲ್ಲ" ಎನ್ನುತ್ತಾನೆ.

ಈಗ ಸಿನಿಮಾದವರು ಬಂದು ನಮ್ಮಲ್ಲೇ ಇಳಿದಿದ್ದಾರೆ. ನಿರ್ದೇಶಕ ಹೊರಿಗುಚಿ ನನ್ನ ಮುಂದೆ ಹಣೆ ನೆಲಕ್ಕೆ ತಾಗುವಂತೆ ಬಾಗಿ, "ಒಡತಿಯಮ್ಮ, ತಪ್ಪು ತಿಳ್ಕೋಬೇಡಿ. ನಮ್ಮ ಕಥೇಲಿ ಮುಚ್ಚಳ ತೆಗೆದಿಟ್ಟಿದ್ದು ತಾಯಿ" ಎಂದ. "ಅನ್ನ ಇನ್ನೊಂದು ಬಟ್ಟಲು ಹಾಕಿಸ್ಕೊಂಡು ತಿಂದು, ಆಮೇಲೆ ನನ್ನನ್ನೇ ಕೊಲೆಗಾರ್ತಿ ಮಾಡ್ತೀಯಾ? ನಾಳೆ ಬೆಳಿಗ್ಗೆ ಕೋಣೆ ಖಾಲಿ ಮಾಡು" ಎಂದೆ. ಅಡುಗೆಮನೆಯಲ್ಲಿ ಫುಸಾಕೊ ನಕ್ಕಿದ್ದು ಕೇಳಿಸಿತು. ಮೂವತ್ತು ವರ್ಷ ನನ್ನ ಕೈಕೆಳಗೆ ದುಡಿದರೂ ಆ ನಗು ಅಡಗಿಸಲು ಅವಳಿಗೆ ಬಂದಿಲ್ಲ.

ಅದೇ ಫುಸಾಕೊ ಮಾರನೆಯ ದಿನ ನಿನ್ನ ಹೊಸ ಕಂತು ಬಂದ ಪತ್ರಿಕೆ ತಂದು ನನ್ನ ಮುಂದಿಟ್ಟಳು. ಅವಳು ನಗುತ್ತಿರಲಿಲ್ಲ. "ಅಮ್ಮಾ, ಕೊನೇ ಪುಟ ನೋಡಿ. ಮಿನೆ ಕಿಮೊನೊ ನೋಡಿ" ಎಂದಳು.

ಮಿನೆ ಕಾಲುವೆಯ ಅಂಚಿನಲ್ಲಿ ನಿಂತಿದ್ದಾಳೆ. ಅವಳ ಕಿಮೊನೊದಲ್ಲಿ ಎಡಸೆರಗು ಮೇಲೆ ಬರಬೇಕಾದಲ್ಲಿ ಬಲಸೆರಗು ಮೇಲೆ ಬಂದಿದೆ. ಹಾಗೆ ಉಡಿಸುವುದು ಹೆಣಕ್ಕೆ.

ಟೋಕಿಯೊಗೆ ಫೋನ್ ಮಾಡಿ ನಿನ್ನ ಸಂಪಾದಕ ನೆಗಿಶಿಯನ್ನು ಹಿಡಿದೆ. "ಅಮ್ಮಾವ್ರೇ, ಅದು ಕೈತಪ್ಪು ಅಷ್ಟೇ. ಓರೆಕೋರೆ ಗೊತ್ತಾಗ್ಲಿ ಅಂತ ಚಿತ್ರಾನ ಕನ್ನಡೀಲಿ ಕಂಡ ಹಾಗೆ ತಿರುಗಿಸಿ ನೋಡ್ತಾರೆ. ವಾಪಸ್ ತಿರುಗಿಸೋದು ಮರೆತಿರ್ತಾರೆ. ಪುಸ್ತಕ ಬರೋವಾಗ ಸರಿಮಾಡ್ತೀವಿ" ಎಂದ. ಅದೇ ಚಿತ್ರದಲ್ಲಿ ನಮ್ಮ ಬಾಗಿಲ ದೀಪದ ಮೇಲಿನ ಅಕ್ಷರ ನೆಟ್ಟಗಿದೆಯಲ್ಲಪ್ಪಾ, ಚಿತ್ರ ತಿರುಗಿದ್ದರೆ ಅಕ್ಷರವೂ ತಿರುಗಬೇಕಿತ್ತಲ್ಲವೇ ಎಂದು ಕೇಳಿದೆ. ಆಗ ಅವನು ಮೆಲ್ಲಗೆ, ತನಗೂ ನೀನು ಸಿಗುತ್ತಿಲ್ಲ, ಸಹಾಯಕಿಯರಿಗೆಲ್ಲ ರಜೆ ಕೊಟ್ಟು ಕೊನೆಯ ಕಂತನ್ನು ಒಬ್ಬಳೇ ಬರೆಯುತ್ತೇನೆಂದು ತಿಳಿಸಿದ್ದೇ ಕೊನೆ ಎಂದ.

ಅದು ಕೈತಪ್ಪಲ್ಲ. ಅತಿಥಿಗಳ ಉಡುಪು ಮಡಿಸುತ್ತ ಬೆಳೆದವಳು ನೀನು. ಆರು ವರ್ಷದವಳಿದ್ದಾಗ, ತಿರುಗುಮುರುಗಾಗಿ ಉಟ್ಟು ಸ್ನಾನಕ್ಕೆ ಹೊರಟ ದಡೂತಿ ಅತಿಥಿಯೊಬ್ಬರನ್ನು ಹಜಾರದಲ್ಲಿ ಅಡ್ಡಗಟ್ಟಿ, "ಅಯ್ಯೋ, ನೀವಿನ್ನೂ ಸತ್ತಿಲ್ಲ, ಬಿಚ್ಚಿ ಸರಿಯಾಗಿ ಕಟ್ಕೊಳ್ಳಿ!" ಎಂದಿದ್ದೆ. ಆ ಕೈ ಈ ತಪ್ಪು ಮಾಡುವುದಿಲ್ಲ.

ನೀನು ಏನು ಮಾಡಹೊರಟಿದ್ದೀಯೆಂದು ನನಗೆ ಗೊತ್ತಾಗಿದೆ. ಮುಚ್ಚಳ ತೆರೆದಿಟ್ಟವಳು ಅಕ್ಕನೇ ಎಂದು ತೀರ್ಮಾನಿಸಿದ್ದೀಯೆ. ಕೊನೆಯ ಸಲ ಹಿಂದಕ್ಕೆ ಹೋಗಿ ತಮ್ಮನ ಬದಲು ಅವಳೇ ಕಾಲುವೆಗೆ ಇಳಿಯುತ್ತಾಳೆ. ಮಿನೆ ಕಾಗದದ ಹುಡುಗಿ, ಅವಳು ಏನಾದರೂ ನನಗೇನು. ಆದರೆ ಅವಳ ಎಡಗಿವಿಯ ಕೆಳಗಿನ ಮಚ್ಚೆ ನಿನ್ನದು. ಅವಳು ನಿಂತ ಅಂಗಳ ನಮ್ಮದು. ಆ ತಮ್ಮ ನಿನ್ನ ತಮ್ಮ, ಯೂಗೊ.

ಯೂಗೊನ ಮಾತು ನಮ್ಮ ಮನೆಯಲ್ಲಿ ಆಡುವುದಿಲ್ಲ. ಇವತ್ತು ಬರೆಯುತ್ತೇನೆ, ಗಮನವಿಟ್ಟು ಓದು. ಅಂದು ಕಾಲುವೆಗೆ ನೀರು ಬಿಟ್ಟ ಹೊತ್ತಿನಲ್ಲಿ ಇಡೀ ಬೀದಿಯವರು ತಮ್ಮ ತಮ್ಮ ಮನೆಯ ಮುಂದಿನ ಮುಚ್ಚಳ ಎತ್ತಿ ಹಿಮ ತಳ್ಳಿದರು. ಮಗು ಸಿಕ್ಕಿದ್ದು ಕೆಳಗೆ, ಕಾಲುವೆ ನದಿಗೆ ಸೇರುವಲ್ಲಿ. ಎಲ್ಲಿ ಬಿದ್ದನೆಂದು ಕಂಡವರಿಲ್ಲ. ಪೊಲೀಸರು ಮನೆಮನೆಗೆ ಹೋಗಿ ಕೇಳಿದರು. ನಾವು ಮುಚ್ಚಿದ್ದೆವು ಎಂದು ಎಲ್ಲರೂ ಹೇಳಿದರು. ನಮ್ಮ ಮುಚ್ಚಳ ಮುಚ್ಚುವ ಕೆಲಸ ನಿನ್ನದಾಗಿತ್ತು, ನೀನೂ ಹೇಳಿದೆ. ಹನ್ನೊಂದು ವರ್ಷದ ಹುಡುಗಿ, ತುಟಿ ನೀಲಿಗಟ್ಟಿತ್ತು, ಆದರೂ ನೆಟ್ಟಗೆ ನಿಂತು ಹೇಳಿದೆ. ನಾನು ನಂಬಿದೆ. ಈಗಲೂ ನಂಬುತ್ತೇನೆ. ನಂಬದೆ ಹೋದವಳು ನೀನೊಬ್ಬಳೇ.

ನಿಜ ಏನೆಂದು ನನಗೆ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ. ಹಿಂದಕ್ಕೆ ಹೋಗಿ ನೋಡಿ ಬರುವುದು ಕಥೆಯಲ್ಲಿ ಮಾತ್ರ. ಆದರೆ ಕಥೆಗೊಬ್ಬ ಅಪರಾಧಿ ಬೇಕೇ ಬೇಕು, ಓದುಗರು ಬಿಡುವುದಿಲ್ಲ ಎನ್ನುವುದಾದರೆ, ನನ್ನನ್ನು ಬರೆ.

ಹಾಸ್ಯವಲ್ಲ. ಗಂಟುಮೂಟೆ ಕಟ್ಟಿ ಹೊರಟಿದ್ದ ಹೊರಿಗುಚಿಯನ್ನು ಬಾಗಿಲಲ್ಲೇ ನಿಲ್ಲಿಸಿ, "ತಾಯೀನೇ ಮಾಡು. ಆದ್ರೆ ನೆಟ್ಟಗೆ ನಿಲ್ಲೋ ನಟೀನ ಹಾಕು, ಮೂಗು ಸೀಟೋಳನ್ನಲ್ಲ" ಎಂದೆ. ಅವನು ಬಾಯಿ ಬಿಟ್ಟುಕೊಂಡು ನೋಡಿದ. ನೀನೂ ಹಾಗೆಯೇ ಮಾಡು. ನನ್ನ ಮುಖವನ್ನೇ ಬರೆ, ನನ್ನ ಹೆಸರನ್ನೇ ಬೇಕಾದರೂ ಇಡು. ಊರು ಮಾತಾಡಲಿ. ಸಂಘದ ಹೆಂಗಸರು ಬೆನ್ನ ಹಿಂದೆ ಪಿಸುಗುಟ್ಟಲಿ. ತರಕಾರಿ ಅಂಗಡಿಯಲ್ಲಿ ನಾನು ತಲೆ ಎತ್ತಿಯೇ ಮೂಲಂಗಿ ಆರಿಸುತ್ತೇನೆ. ಅದನ್ನು ಹೊರಲು ನನಗೆ ಬೆನ್ನಿದೆ. ನಿನ್ನ ಬೆನ್ನು ಬರೆದು ಬರೆದೇ ಬಾಗಿದೆ, ಕಳೆದ ಬೇಸಿಗೆಯಲ್ಲಿ ಬಂದಾಗಲೇ ನೋಡಿದ್ದೆ.

ಓನುಮಾ ಮನೆತನದ ಹೆಸರು ಹೋಗುತ್ತದೆ ಎಂದು ಹಿಂಜರಿಯಬೇಡ. ಹೆಸರನ್ನು ಇಷ್ಟು ವರ್ಷ ಕಾಪಾಡಿದ್ದು ಯಾರಿಗೆ ಕೊಡಲೆಂದು? ಕೊಡಲು ಉಳಿದಿರುವವಳು ಒಬ್ಬಳೇ. ಅವಳು ಫೋನ್ ಎತ್ತುತ್ತಿಲ್ಲ.

ಪತ್ರದ ಮೊದಲಲ್ಲಿ ಹೆದರಿಲ್ಲ ಎಂದು ಬರೆದಿದ್ದೆ. ಹರಿದು ಮತ್ತೆ ಬರೆಯಲು ಕಾಗದವಿಲ್ಲ, ಹಾಗೆಯೇ ಇರಲಿ.

ಊಟ ಮಾಡು.

ನಿನ್ನ ತಾಯಿ,
ಓನುಮಾ ಹಿಸಾನೊ

ಮರೆತದ್ದು: ಈ ಪತ್ರಕ್ಕೆ ಅಂಚೆಚೀಟಿ ಹಚ್ಚಿಲ್ಲ. ಮನೆ ತುಂಬ ಅತಿಥಿಗಳಿರುವಾಗ ಒಡತಿ ಹೊಸಿಲು ದಾಟಬಾರದು ಎಂದು ನಿನಗೆ ಪಾಠ ಹೇಳಿದವಳು ಇವತ್ತು ಬೆಳಗಿನ ಟೋಕಿಯೊ ರೈಲು ಹತ್ತಿ, ದಾರಿಯುದ್ದಕ್ಕೂ ಇದನ್ನು ಮೊಣಕಾಲ ಮೇಲಿಟ್ಟು ಬರೆದಿದ್ದಾಳೆ. ನಿನ್ನ ಬಾಗಿಲು ತಟ್ಟಿದೆ, ಉತ್ತರ ಬರಲಿಲ್ಲ. ಬೀಗ ಒಡೆಯುವವನನ್ನು ಕರೆಯಲು ನೆಗಿಶಿ ಓಡಿದ್ದಾನೆ. ಪತ್ರವನ್ನು ಬಾಗಿಲ ಸೀಳಿನಿಂದ ಒಳಗೆ ಹಾಕಿ ಇಲ್ಲೇ ಮೆಟ್ಟಿಲ ಮೇಲೆ ಕೂರುತ್ತೇನೆ. ಈಗ ತಾನೇ ಯಾರೋ ಕೆಮ್ಮಿದ ಹಾಗೆ ಕೇಳಿಸಿತು. ಇಲ್ಲಿ ಗೋಡೆಗಳು ತೆಳು, ಪಕ್ಕದ ಮನೆಯವರೂ ಇರಬಹುದು. ನೀನೇ ಆಗಿದ್ದರೆ ಇನ್ನೊಂದು ಸಲ ಕೆಮ್ಮು.