ಹಾದಿ ಬದಿಯ ಬಿಳಿ ಶಿಲುಬಿ

ಅಕ್ಕಾ, ಶರಣು.

ಈ ಪರದೇಶದಾಗ ಟೌರಂಗಾದಿಂದ ಲೋವರ್ ಹಟ್ ಅನ್ನೋ ಊರಿಗೆ ಕಾರಿನ್ಯಾಗ ಏಳು ತಾಸು. ನಮ್ಮ ಓಂಕಾರ ಗಾಡಿ ಭಾಳ ಜೋರು ಹೊಡೀತಾನ, ಹೇಳಿದ್ರ ಕೇಳೂದಿಲ್ಲ. ಹೊತ್ತು ಹೋಗ್ಲಿ ಅಂತ ಕಿಡಕಿ ಹೊರಗ ನೋಡಕೋತ ಕುಂತಿದ್ದೆ. ಹಾದಿ ಬದಿ ಹುಲ್ಲಿನ್ಯಾಗ ಅಲ್ಲಲ್ಲೆ ಸಣ್ಣ ಬಿಳಿ ಶಿಲುಬಿ, ಬುಡಕ್ಕ ಹೂವು. ಇವರ ದೇವರ ಕಟ್ಟಿ ಇರಬೇಕಂತ, ಬಸ್ಸಿನ್ಯಾಗ ಗುಡಿ ಕಂಡಾಗ ಮುಗಿಯೋ ಹಂಗ, ಒಂದೊಂದಕ್ಕೂ ಕೈ ಮುಗದೆ. ಓಂಕಾರ ನಕ್ಕ. “ಅವ್ವಾ, ಅವು ಗುಡಿ ಅಲ್ಲ. ಗಾಡಿ ಬಡದು ಅಲ್ಲೇ ಸತ್ತವರ ಗುರ್ತು.”

ಮುಂದಿಂದಕ್ಕೂ ಮುಗದೆ. ಅವರೂ ಯಾರದೋ ಮಕ್ಕಳ ಅಲ್ಲೇನು?

ನೀ ಕೊಟ್ಟ ಎಣ್ಣಿಯಿಂದ ಮೊಣಕಾಲು ನೋವು ಕಡಿಮಿ ಐತಿ.

ನಿನ್ನೆ ತಿರುಗಿ ಬರೋಮುಂದ, ನಾ ಕೈ ಎತ್ತಿದಾಗೆಲ್ಲ ಓಂಕಾರ ತಾನ ಗಾಡಿ ಸಾವಕಾಶ ಮಾಡಿದ.

ಕಾರ್ಡು ತುಂಬಿತು.
ನಿನ್ನ ತಂಗಿ ನೀಲವ್ವ