ಕೇಳದೆ ನಡೆಯುವ ದಾರಿ

೩ ನವೆಂಬರ್ ೧೯೩೮, ಗುರುವಾರ

ಹಳ್ಳಕ್ಕೆ ಹೋಗುವ ದಾರಿಗೆ ಬೇಲಿ ಹಾಕಿದ್ದು ಅನ್ಯಾಯ. ಹಾಕಿದವರು ನನ್ನ ಸೋದರಮಾವ ರೇಣುಕಪ್ಪ. ಆದ್ದರಿಂದ ಇನ್ನೂ ದೊಡ್ಡ ಅನ್ಯಾಯ.

ಬೆಳಿಗ್ಗೆ ಬಟ್ಟೆ ಗಂಟು ಹೊತ್ತು ಹೋದರೆ ಮಾವನ ಅಡಿಕೆ ಮಂಡಿಯ ಹಿಂದೆ ಬಿದಿರ ಬೇಲಿ. ಹೊಸ ಲಾರಿಗೆ ಶೆಡ್ ಕಟ್ಟುತ್ತಾರಂತೆ. ಖಾನಾವಳಿಯ ಕಲ್ಲಮ್ಮಜ್ಜಿ ಬೇಲಿಯನ್ನು ಮುಟ್ಟಿ ಮುಟ್ಟಿ ನೋಡಿದರು. ಪಕ್ಕದ ಮನೆಯ ಫಕ್ರುನ್ನೀಸಾ ಗಂಟಿನೊಂದಿಗೆ ಹಿಂದಿರುಗಿದಳು. ಉಳಿದಿರುವುದು ಪೇಟೆ ಬೀದಿ — ಸಾರಾಯಿ ಅಂಗಡಿಯ ಮುಂದೆಯೇ. ಫಕ್ರುನ್ನೀಸಾ ಪರದೆ ಪಾಲಿಸುವ ಗೋಷಾದವಳು, ಅಲ್ಲಿ ಕಾಲಿಡಲಾರಳು. ಹಳ್ಳಕ್ಕೆ ಬರುವ ಒಂದು ಗಂಟೆಯೇ ಅವಳು ಹೊಸಿಲು ದಾಟುವ ಹೊತ್ತು. ಗಟ್ಟಿಯಾಗಿ ನಗುವುದೂ ಅಲ್ಲೇ.

ಸತ್ಯಾಗ್ರಹದ ಪುಸ್ತಿಕೆ ಮತ್ತೆ ಓದಿದೆ. ನಾಳೆ ಮಂಡಿ ಬಾಗಿಲಲ್ಲಿ ಉಪವಾಸ.

೪ ನವೆಂಬರ್, ಸಂಜೆ

ಗೆದ್ದೆವು!

ಬೆಳಿಗ್ಗೆಯೇ ಹೋಗಿ ಕೂತೆ. ಅತ್ತೆ ಎರಡು ಸಲ ಅವಲಕ್ಕಿ ಕಳಿಸಿದರು. ನೋಡಲಿಲ್ಲ. ... ನೋಡಿದೆ. ತಿನ್ನಲಿಲ್ಲ. ಮಧ್ಯಾಹ್ನ ಮಾವ ಹೊರಗೆ ಬಂದರು.

"ಎದ್ದೇಳೇ ನೀಲಾ. ಅಡಿಕೆ ತಂದೋರು ನಿನ್ನ ಮುಖ ನೋಡಿ, ಇಲ್ಲಿ ಯಾರೋ ಸತ್ತಿದಾರೆ ಅಂತ ವಾಪಸ್ ಹೋಗ್ತಿದಾರೆ, ಮಾರಾಯ್ತಿ. ಬೇಲಿಗೆ ಒಂದು ಗೇಟು ಇಡಿಸ್ತೀನಿ. ನನ್ನ ಅಪ್ಪಣೆ ಕೇಳಿ ಹೋಗಿ, ಅಷ್ಟೆ."

ಅಲ್ಲೇ ಭಾಷಣ ಮಾಡಿದೆ. "ತಾವು ದಯಮಾಡಿ ಕೊಟ್ಟ ಅನುಮತಿಗೆ ಈ ಬೀದಿಯ ಮಹಿಳೆಯರು ಚಿರಋಣಿಗಳು." ಮಾವ ಗುಮಾಸ್ತೆಯನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡು, ನನಗೆ "ಚೆನ್ನಾಗಿದೆ ಕಣೇ, ಇನ್ನೊಂದ್ಸಲ ಹೇಳು" ಅಂದರು. ಇನ್ನೂ ಗಟ್ಟಿಯಾಗಿ ಹೇಳಿದೆ.

೧೯ ನವೆಂಬರ್, ಶನಿವಾರ

ಗೇಟಿಗೆ ಬೀಗ.

"ಇದೇನು ಮಾವ?"

"ಅನುಮತಿ ಕೊಟ್ಟೋನು ನಾನು, ವಾಪಸ್ ತಗೊಂಡೋನೂ ನಾನೇ. ನೀನೇ ಭಾಷಣ ಮಾಡಿದ್ಯಲ್ಲೇ!" ಒಂದು ಚಿಟಿಕೆ ನಶ್ಯ. ಒಂದು ಸೀನು. ನಗು.

ಫಕ್ರುನ್ನೀಸಾಳ ಮನೆಗೆ ಹೋದೆ. ಅವಳ ಗಂಡ ನಜೀರಣ್ಣ ತಗಡಿನ ಪೆಟ್ಟಿಗೆ ಬಡಿಯುತ್ತಿದ್ದ. "ಹೋಗ್ಲಿ ಬಿಡು ತಂಗಿ, ಮನೇಲೇ ಒಗೀತಾಳೆ." ಒಳಗಿನಿಂದ ಅವಳ ದನಿ — "ಹಂಗಾರೆ ಹಳ್ಳಾನೂ ಮನೆಗೇ ತರಿಸಿ!"

ನಗಲಿಲ್ಲ ಅವಳು. ಇದು ನನ್ನ ಬಾಯಿಂದ ಆದದ್ದು. ನಾನೇ ಸರಿಮಾಡಬೇಕು.

೨೨ ನವೆಂಬರ್

ಅಪ್ಪನ ಜೊತೆ ಬಸ್ಸಿನಲ್ಲಿ ಕೊಪ್ಪಕ್ಕೆ. ವಕೀಲ ಸೋಮಶೇಖರಪ್ಪನವರ ಮನೆ.

"ಆ ದಾರೀಲಿ ಎಷ್ಟು ವರ್ಷದಿಂದ ಓಡಾಟ?"

"ಕಲ್ಲಮ್ಮಜ್ಜಿ ಮದುವೆಯಾಗಿ ಬಂದಾಗಿಂದ. ನಲವತ್ತು ವರ್ಷ."

"ಯಾರನ್ನಾದ್ರೂ ಕೇಳಿ ಓಡಾಡ್ತಿದ್ರಾ?"

"ಇಲ್ಲ."

"ಹಾಗಾದ್ರೆ ಅದು ಹಕ್ಕು. ಇಪ್ಪತ್ತು ವರ್ಷ ಯಾರ ತಡೆಯೂ ಇಲ್ಲದೆ, ಯಾರ ಅಪ್ಪಣೆಯೂ ಇಲ್ಲದೆ ನಡೆದ್ರೆ ಓಡಾಡೋ ಹಕ್ಕು ನಿಮ್ಮದು. ಅಪ್ಪಣೆ ಕೇಳಿ ನಡೆದ್ರೆ ಅದು ಅವರ ಉಪಕಾರ. ಉಪಕಾರ ಯಾವತ್ತು ಬೇಕಾದ್ರೂ ನಿಲ್ಲಬಹುದು."

ಭಾಷಣದ ಸಂಗತಿ ಹೇಳಿದೆ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಎರಡು ಸಲ?"

"ಎರಡು ಸಲ."

"ನಲವತ್ತು ವರ್ಷವನ್ನ ಒಂದು ಭಾಷಣ ಕೊಲ್ಲೋದಿಲ್ಲ, ಬಿಡು. ಆದ್ರೆ ಇನ್ಮುಂದೆ ಯಾರೂ ಕೇಳಬಾರದು. ನೀನಂತೂ ಬಾಯೇ ಬಿಡಬಾರದು."

ದಾವೆ ಹಾಕುತ್ತಾರೆ. ಬಸ್ಸಿನಲ್ಲಿ ಅಪ್ಪ ಒಬ್ಬರೇ ನಗುತ್ತಿದ್ದರು.

೮ ಜನವರಿ ೧೯೩೯, ಭಾನುವಾರ

ಕೋರ್ಟಿನ ತಾತ್ಕಾಲಿಕ ಆಜ್ಞೆ ಬಂತು. ತೀರ್ಪಾಗುವವರೆಗೆ ಗೇಟಿಗೆ ಬೀಗ ಕೂಡದು! ಸ್ಥಳ ನೋಡಿ ವರದಿ ಮಾಡಲು ಕಮಿಷನರೊಬ್ಬರು ಬರುತ್ತಾರೆ. ಫಕ್ರುನ್ನೀಸಾ ಕೋರ್ಟಿಗೆ ಹೋಗಬೇಕಿಲ್ಲ — ಅವಳ ಸಾಕ್ಷಿ ಮನೆಯಲ್ಲೇ, ಪರದೆಯ ಹಿಂದಿನಿಂದ.

ಕಲ್ಲಮ್ಮಜ್ಜಿಯ ಹಿತ್ತಲಲ್ಲಿ, ಕೇಳದೆ ನಡೆಯುವ ತಾಲೀಮು. ಅಡ್ಡ ಹಿಡಿದ ಒನಕೆಯೇ ಗೇಟು. ಅಪ್ಪನ ರುಮಾಲು ಸುತ್ತಿದ ನಾನೇ ಮಾವ. ಫಕ್ರುನ್ನೀಸಾ ಒನಕೆ ತಳ್ಳಿ ಸೀದಾ ನಡೆದಳು. ಭೇಷ್. ಅಜ್ಜಿ ಹತ್ತಿರ ಬಂದವರೇ, "ಹೋಗ್ಲೇನಪ್ಪ?"

"ಅಜ್ಜೀ!"

"ಎಂತ ಮಾಡ್ಲೇ? ಎದುರಿಗೆ ಮನುಷ್ಯ ನಿಂತಿದ್ರೆ ಬಾಯಿಗೆ ತಾನೇ ಬತ್ತದೆ."

ಮತ್ತೆ ಮತ್ತೆ ಅದೇ. ಕೊನೆಗೆ ಬಾಯಿತುಂಬ ಎಲೆಅಡಿಕೆ ತುಂಬಿ ನಡೆಸಿದೆವು.

೧೪ ಜನವರಿ, ಸಂಕ್ರಾಂತಿ

ಮಾವ ಗೇಟಿನಲ್ಲೇ ಕಾದಿದ್ದರು. ಕೈಯಲ್ಲಿ ಎಳ್ಳುಬೆಲ್ಲದ ತಟ್ಟೆ, ಪಕ್ಕದಲ್ಲಿ ಗುಮಾಸ್ತೆ. "ಬನ್ನಿ ಕಲ್ಲಮ್ಮಜ್ಜಿ, ಹೋಗಿ ಹೋಗಿ. ನಾನು ಬೇಡ ಅಂತೀನಾ?"

ಕೇಳದೆಯೇ ಅಪ್ಪಣೆ ಕೊಡುತ್ತಿದ್ದಾರೆ! ಇದಕ್ಕೆ ತಾಲೀಮು ಮಾಡಿರಲಿಲ್ಲ. ತುಟಿ ಕಚ್ಚಿ ನಿಂತೆ.

ಅಜ್ಜಿ ಎಲೆಅಡಿಕೆ ಉಗಿದರು. "ಹೋಗು ಅನ್ನೋಕೆ ನೀನ್ಯಾವನೋ ರೇಣುಕ? ನೀನು ತೊಟ್ಟಿಲಲ್ಲಿದ್ದಾಗ ನಿನ್ನ ಉಚ್ಚೆಬಟ್ಟೆ ಹೊತ್ಕೊಂಡು ನಿಮ್ಮವ್ವ ಹೋಗಿದ್ದೂ ಇದೇ ದಾರೀಲೇ. ಅವಳ ಜೊತೆ ಹೋದೋಳು ನಾನು!"

ಗುಮಾಸ್ತೆ ಪಕ್ಕನೆ ನಕ್ಕ. ತಡೆಯಲಾರದೆ ಮಾವನೂ ನಕ್ಕರು. ತಟ್ಟೆ ಮುಂದೆ ಚಾಚಿ, "ಈ ಮಾತು ಕಮಿಷನರ ಮುಂದೆ ಹೇಳ್ಬೇಡಿ, ಅಜ್ಜಿ."

ಅಜ್ಜಿ ಎಳ್ಳು ಬಾಯಿಗೆ ಹಾಕಿಕೊಂಡರು. "ಮೊದ್ಲು ಹೇಳೋದೇ ಇದನ್ನ."

ಫಕ್ರುನ್ನೀಸಾ ಅಷ್ಟರಲ್ಲೇ ನಮ್ಮನ್ನೆಲ್ಲ ದಾಟಿ ಹೋಗಿದ್ದಳು. ಹಳ್ಳದ ಕಡೆಯಿಂದ ಒಗೆಯುವ ಸದ್ದು. ಆಮೇಲೆ ನಗು.

೧೫ ಜನವರಿ

ವಕೀಲರ ಕಾಗದ. ನಾಳೆ ಎಂಟಕ್ಕೆ ಕಮಿಷನರು. ಕೆಳಗೆ ಗೆರೆ ಎಳೆದು ಬರೆದಿದ್ದಾರೆ — ನೀಲಾಂಬಿಕೆ ಮಾತಾಡಕೂಡದು. ಸರಿ. ಬರೆದಿಟ್ಟಿದ್ದ ಭಾಷಣ ಒಲೆಗೆ ಹಾಕಿದೆ. ನಾಳೆ ನನ್ನ ಬಾಯಿಗೂ ಎಲೆಅಡಿಕೆ.

ಮನೆಮನೆಗೂ ಹೇಳಿ ಬಂದೆ. ಸೋಮವಾರ, ಬೆಳಿಗ್ಗೆ ಏಳೂವರೆ, ಗೇಟಿನ ಪಕ್ಕದ ನೇರಳೆ ಮರದ ಕೆಳಗೆ, ಎಲ್ಲರೂ ಗಂಟು ಸಮೇತ. ಯಾರನ್ನೂ ಕೇಳದೆ.