ಗೆಣ್ಣಿಗೆ ಆರು ಹೊಲಿಗೆ

ಶಹಾಬಾದ
15 ಅಕ್ಟೋಬರ್ 2024, ಮಂಗಳವಾರ

ಮೊಮ್ಮಗಳೇ ಉಜ್ಮಾ,

ನಿನ್ನ ದಾದಿಯ ಸಲಾಂ ಮತ್ತು ದುವಾ. ಗಂಟಿನ ಎರಡನೇ ಹಗ್ಗ ಬಿಚ್ಚುವ ಮೊದಲು ಈ ಕಾಗದವನ್ನು ಪೂರ್ತಿ ಓದು. ನೀನು ಯಾವುದನ್ನೂ ಅರ್ಧಕ್ಕಿಂತ ಹೆಚ್ಚು ಓದುವವಳಲ್ಲ, ಅದಕ್ಕೇ ಮೊದಲೇ ಹೇಳುತ್ತಿದ್ದೇನೆ.

ನೀನು ಹೊಲಿಯಲು ಕಳಿಸಿದ ದೋಣಿಯ ಹಾಯಿಯನ್ನು ಹದಿನೈದು ದಿನ ಇಟ್ಟುಕೊಂಡೆ. ತಪ್ಪು ನನ್ನದೇ. ಅದರ ಬಟ್ಟೆಯ ವಿಷಯ ಹೇಳಿಬಿಡೋಣ ಎಂದು ಎರಡು ಸಲ ಫೋನು ಮಾಡಿದೆ. ನೀನು "ಹೊಲಿಗಿ ಮುಗೀತೇನು ದಾದಿ?" ಅಂದೆ. ನಾನು ಊಟವಾಯಿತೇ ಎಂದು ಕೇಳಿ ಇಟ್ಟುಬಿಟ್ಟೆ.

ನಿನ್ನ ಅಮ್ಮಿ ಹುಸ್ನಾ ಆರಾಮವಾಗಿದ್ದಾಳೆ. ನಿನ್ನ ಚಾಚಾ ಇಸಾಕ ನಮ್ಮ ಹೊಲಿಗೆ ಅಂಗಡಿಗೆ ಹೊಸ ಬೋರ್ಡು ಬರೆಸಿದ್ದ: ತಾಡಪತ್ರಿ, ಶಾಮಿಯಾನ, ಹಾಯಿ. ಸಮುದ್ರವೇ ಇಲ್ಲದ ಊರಿಗೆ ಒಂದು ಹಾಯಿ ಬಂದದ್ದಕ್ಕೇ ಇಷ್ಟು. ಬೈದೆ. ಆದರೆ ಒಳಗೊಳಗೆ ಹಿಗ್ಗಿದ್ದೆ, ಸುಳ್ಳು ಹೇಳುವುದಿಲ್ಲ. ನಿನ್ನೆ ಆ ಕೊನೆಯ ಪದವನ್ನು ಅಳಿಸಿಹಾಕಿಸಿದೆ.

ಏನಾಯಿತೆಂದರೆ, ಹಾಯಿಯನ್ನು ಅಂಗಳದ ಫರಸಿ ಹಾಸುಗಲ್ಲಿನ ಮೇಲೆ ಹರಡಿ ನೋಡಿದೆ. ಉಪ್ಪು, ಬಿಸಿಲಿಗೆ ಸುಟ್ಟ ದಾರವನ್ನೆಲ್ಲ ಕಿತ್ತು ಹೊಸದಾಗಿ ಹೊಲಿದೆ. ಅಂಚು ಸವೆದ ಕಡೆ ನೀನು ಕಳಿಸಿದ ಅಂಟುಬಟ್ಟೆಯ ತೇಪೆ ಹಾಕಿ, ಅದರ ಮೇಲೆ ಎರಡು ದಿನ ಫರಸಿ ಕಲ್ಲು ಹೇರಿಟ್ಟೆ. ಅದೆಲ್ಲ ಗಟ್ಟಿಯಾಗಿ ಕೂತಿದೆ. ತೊಂದರೆ ಇರುವುದು ಮೇಲಿನ ಭಾಗದಲ್ಲಿ. ಎರಡು ತೆಳು ಹಾಳೆಗಳ ನಡುವೆ ನೂಲಿನ ಬಲೆ ಇಟ್ಟು ಅಂಟಿಸಿದ ಬಟ್ಟೆ ಅದು. ಅಲ್ಲಿ ಅಂಟು ಸತ್ತು ಹಾಳೆಗಳು ಬೇರೆಬೇರೆಯಾಗಿವೆ. ಹಪ್ಪಳದಂತೆ ಉಬ್ಬಿದೆ, ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಏಳುತ್ತದೆ.

ಲಾರಿಗೆ ಹೊದಿಸುವ ತಾಡಪತ್ರಿಗೆ ನಾನು ಮಾಡುವುದನ್ನೇ ಮಾಡಿದೆ. ಮೇಲೆ ದೊಡ್ಡ ತೇಪೆ ಇಟ್ಟು, ಸುತ್ತಲೂ ನಮ್ಮ ಅಂಗಡಿಯ ಹೊಲಿಗೆ ಹಾಕಿದೆ, ಬೆರಳಿನ ಒಂದು ಗೆಣ್ಣಿಗೆ ಆರು. ವಾಡಿಯಿಂದ ಚಿಂಚೋಳಿಯವರೆಗೆ ಲಾರಿಯವರು ಇದನ್ನು ನೋಡಿಯೇ ನಮ್ಮ ಮಾಲು ಗುರುತಿಸುತ್ತಾರೆ. ಇಸಾಕ ಫೋಟೋ ಕೂಡ ತೆಗೆದ.

ಅಷ್ಟರಲ್ಲಿ ಧರ್ಮಣ್ಣ ಬಂದ. ಗೋವಾಕ್ಕೆ ಫರಸಿ ಒಯ್ಯುವಾಗ ನಿನ್ನ ಗಂಟನ್ನು ಕಾರವಾರದಲ್ಲಿ ನಿನಗೆ ಮುಟ್ಟಿಸುವವನು ಅವನೇ. ನಿನ್ನ ಅಬ್ಬಾ ಇದ್ದಾಗ ಇಬ್ಬರೂ ಒಂದೇ ಲಾರಿಯಲ್ಲಿದ್ದವರು. ಈ ಉಬ್ಬಿದ್ದು ತಡೆದೀತೇ ಎಂದು ನಾನು ಸುಮ್ಮನೆ ಅವನನ್ನು ಕೇಳಿದೆ.

"ನಿಮ್ಮ ಹೊಲಿಗಿ ಅದಲ್ರಿ ಆಪಾ, ಇನ್ನ್ಯಾಕ ಅಂಜಿಕಿ?" ಅಂದ.

ಅವನನ್ನು ಚಹಾಕ್ಕೆ ಕಳಿಸಿ, ಇಸಾಕನಿಗೆ ಒಂದು ತುದಿ ಹಿಡಿಯಲು ಹೇಳಿ, ಇನ್ನೊಂದನ್ನು ನಾನು ಹಿಡಿದು ಎಳೆದೆ. ಅಂಚೆಚೀಟಿಯ ಸಾಲು ಹರಿದಂತೆ ಹೊಲಿಗೆಯ ಗುಂಟ ಬಿಟ್ಟುಕೊಂಡಿತು. ನನ್ನ ದಾರದ ಒಂದು ಎಳೆಯೂ ಕಡಿಯಲಿಲ್ಲ. ಸೂಜಿ ತೂರಿದಲ್ಲೆಲ್ಲ ಬಟ್ಟೆ ಕೈಬಿಟ್ಟಿತ್ತು.

"ಹೊಲಿಗಿ ಗಟ್ಟಿ ಅದ ಅಮ್ಮಿ. ಬಟ್ಟಿನೇ ಹೋಗ್ಯಾದ," ಅಂದ ಇಸಾಕ, ನನ್ನನ್ನು ಸಮಾಧಾನ ಮಾಡುವವನಂತೆ.

ಧರ್ಮಣ್ಣ ತಿರುಗಿ ಬಂದಾಗ, ಈ ಹಾಯಿ ಆಗುವುದಿಲ್ಲ ಎಂದು ಹುಡುಗಿಗೆ ಹೇಳು ಅಂದೆ. "ಇಷ್ಟ ವರ್ಷದಾಗ ನಿಮ್ಮ ಬಾಯಾಗ ಆಗಂಗಿಲ್ಲ ಅನ್ನೂದು ಕೇಳಿದ್ದಿಲ್ಲ ಆಪಾ. ಇನ್ನೊಮ್ಮಿ ಅನ್ರಿ, ಕೇಳೂಣು," ಎಂದು ನಕ್ಕ. ನನಗೆ ನಗು ಬರಲಿಲ್ಲ.

ಭಾನುವಾರ ದೋಣಿ ಸ್ಪರ್ಧೆ ಎಂದು ಗೊತ್ತು. ಈ ಹಾಯಿ ಇಲ್ಲದಿದ್ದರೆ ನೀನು ದಂಡೆಯ ಮೇಲೆ ಕೂರಬೇಕೆಂದೂ ಗೊತ್ತು. ಒಂದೇ ಸುತ್ತು ತಾನೇ, ಗಾಳಿ ಕಡಿಮೆಯಿದೆ ಎನ್ನುತ್ತೀ. ನಡುನೀರಿನಲ್ಲಿ ಹಾಯಿ ಹರಿದರೆ ಏನು ಮಾಡುತ್ತೀ ಎಂದು ನಾನು ಕೇಳಿದಾಗ ನೀನು ನಕ್ಕಿದ್ದೆ. ಮೇಲೆ ಹತ್ತಿ ಹಿಡಿದುಕೊಳ್ಳುತ್ತೇನೆ ದಾದಿ ಅಂದಿದ್ದೆ. ಅಂದಿನಿಂದ ಅಂಗಳದ ಹಗ್ಗದ ಮೇಲೆ ಸೀರೆ ಪಟಪಟ ಎಂದರೂ ಎದ್ದು ಹೊರಗೆ ಬಂದು ನೋಡುತ್ತೇನೆ. ಹುಸ್ನಾ ಏನಾಯಿತೆಂದು ಕೇಳುತ್ತಾಳೆ. ಬೆಕ್ಕು ಎನ್ನುತ್ತೇನೆ.

ಈ ಹಾಯಿ ಏರಿಸಬೇಡ. ಕತ್ತರಿಯನ್ನು ಕೈಗೆ ತೆಗೆದುಕೊಂಡೆ, ನಾನೇ ಕತ್ತರಿಸಿ ಮುಗಿಸೋಣವೆಂದು. ಆದರೆ ಅದು ನಿನ್ನದು. ನಿನ್ನ ಕೈಯಿಂದಲೇ ಕತ್ತರಿಸು. ಕೆಳಗಿನ ಭಾಗ ಗಟ್ಟಿಯಿದೆ, ಚೀಲ ಮಾಡಿಕೊ.

ಅಲ್ಲಾಹನು ನಿನ್ನನ್ನು ನೆಲದ ಮೇಲೂ ನೀರಿನ ಮೇಲೂ ಕಾಯಲಿ. ಗಂಟು ಮುಟ್ಟಿದ ಕೂಡಲೇ ಫೋನು ಮಾಡು. ಈ ಸಲ ನಾನು ಇಡುವುದಿಲ್ಲ.

ನಿನ್ನ ದಾದಿ,
ತಾಜುನ್ನಿಸಾ

ಮರೆತ ಮಾತು: ಮರೆತಿಲ್ಲ, ಬರೆಯಲು ಧೈರ್ಯವಿರಲಿಲ್ಲ. ನಿನ್ನ ಅಬ್ಬಾ ಶಾಹನವಾಜ ಮಳಖೇಡದ ಹತ್ತಿರ ಲಾರಿಯ ಮೇಲಿಂದ ಬಿದ್ದದ್ದು ಗಾಳಿಗೆ ಎಂದು ಹನ್ನೆರಡು ವರ್ಷದಿಂದ ನಿನಗೆ ಹೇಳುತ್ತ ಬಂದಿದ್ದೇನೆ. ಅಂದು ಸಿಮೆಂಟ್ ಚೀಲಗಳ ಮೇಲಿದ್ದ ತಾಡಪತ್ರಿ ಹಳೆಯದು, ನಾನು ತೇಪೆ ಹಾಕಿದ್ದು. ಬಟ್ಟೆ ಸತ್ತಂತಿದೆ ಅಮ್ಮಿ, ಬೇರೆ ತಗೊಳ್ಳಲೇ ಎಂದು ಅವನು ಕೇಳಿದ. "ನನ್ನ ಹೊಲಿಗಿ ಅದ, ಸುಮ್ನ ಹೋಗು," ಅಂದೆ. ದಾರಿಯಲ್ಲಿ ಅದು ಹರಿದು ಹಾರತೊಡಗಿದಾಗ ಹಿಡಿಯಲು ಮೇಲೆ ಹತ್ತಿದ. ಅವನು ಕೇಳಿದ್ದು, ನಾನು ಅಂದದ್ದು ಯಾರಿಗೂ ತಿಳಿಯದು. ಹುಸ್ನಾಗೆ ಇಂದೇ ನಾನೇ ಹೇಳುತ್ತೇನೆ. ಆ ತಾಡಪತ್ರಿಯ ಅಂಗೈ ಅಗಲದ ತುಂಡನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದೆ. ಹಾಯಿಯ ಮಡಿಕೆಯಲ್ಲಿದೆ. ಬೆಳಕಿಗೆ ಹಿಡಿದು ನೋಡು. ಸೂಜಿಯ ತೂತುಗಳನ್ನು ಎಣಿಸು, ಗೆಣ್ಣಿಗೆ ಆರು ಇವೆ.